ದೂರದಿಂದಲೇ ಮನೋಚಿಕಿತ್ಸೆ: ಸಾಧ್ಯತೆ ಮತ್ತು ಮಿತಿ



ನಮ್ಮ ದೇಶದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿತು. ಮುಂದೆ ಕಲ್ಯಾಣದವರೆಗೆ ಬೆಳೆದ ಆ ಹಳಿಯೇ ಇಂದು ಠಾಣೆ, ಡೊಂಬಿವಲಿ, ಕಲ್ಯಾಣಗಳ ಜನರ ದಿನಚರಿಯನ್ನು ನಿರ್ಧರಿಸುತ್ತಿದೆ. ಡೊಂಬಿವಲಿಯಲ್ಲಿ ನೆಲೆಸಿ ಮುಂಬಯಿಯಲ್ಲಿ ದುಡಿಯುವ ಅನೇಕ ಕನ್ನಡಿಗರಿಗೆ ನಿತ್ಯ ಎರಡು-ಮೂರು ಗಂಟೆ ಲೋಕಲ್ ರೈಲಿನಲ್ಲೇ ಕಳೆಯುತ್ತದೆ. ಇಂಥವರಿಗೆ ಖಿನ್ನತೆಯೋ ಆತಂಕದ ಕಾಯಿಲೆಯೋ ಬಂದರೆ, ವಾರಕ್ಕೊಮ್ಮೆ ಒಂದು ಗಂಟೆ ಚಿಕಿತ್ಸಕರ ಎದುರು ಕುಳಿತುಕೊಳ್ಳಲು ಬಿಡುವೆಲ್ಲಿ? ರಜೆಯ ಅರ್ಜಿಯಲ್ಲಿ ಕಾರಣವನ್ನು ಏನೆಂದು ಬರೆಯಬೇಕು?

ಈ ಭಾಗದಲ್ಲಿ ಸೌಲಭ್ಯಗಳೇ ಇಲ್ಲವೆಂದಲ್ಲ. ಠಾಣೆಯ ಪ್ರಾದೇಶಿಕ ಮನೋರುಗ್ಣಾಲಯವು 1901ರಿಂದ ಇದೆ. 1990ರಲ್ಲಿ ಡಾ. ಆನಂದ ನಾಡಕರ್ಣಿಯವರು ಅದೇ ಊರಿನಲ್ಲಿ ಮಾನಸಿಕ ಸ್ವಾಸ್ಥ್ಯ ಸಂಸ್ಥೆಯೊಂದನ್ನು (ಐ.ಪಿ.ಎಚ್.) ಸ್ಥಾಪಿಸಿದರು. ಆದರೆ ಮುಂಬಯಿಯ ಕಡೆ ‘ಠಾಣೆಗೆ ಕಳುಹಿಸಬೇಕು’ ಎಂಬುದು ಗೇಲಿಯ ಮಾತಾಗಿ ಉಳಿದಿದೆ. ದೂರಕ್ಕಿಂತ ಈ ನಾಚಿಕೆಯೇ ದೊಡ್ಡ ಅಡ್ಡಿ. ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣ ಶೇಕಡಾ 70ರಿಂದ 92ರಷ್ಟಿತ್ತು.

ಈ ಅಂತರವನ್ನು ಗಣಕಯಂತ್ರದ ಸಹಾಯದಿಂದ ತುಂಬಬಹುದೇ ಎಂಬುದು ಮನೋವಿಜ್ಞಾನಿಗಳ ಮುಂದಿರುವ ಪ್ರಶ್ನೆ. ನಿಮ್ಹಾನ್ಸ್‌ನ ಚಿಕಿತ್ಸಾ ಮನೋವಿಜ್ಞಾನದ ಪ್ರಾಧ್ಯಾಪಕಿ ಡಾ. ಸೀಮಾ ಮೆಹರೋತ್ರಾ ಮತ್ತು ಅವರ ಸಹೋದ್ಯೋಗಿಗಳು ಭಾರತೀಯ ಬಳಕೆದಾರರಿಗಾಗಿ ‘ಪುಶ್-ಡಿ’ ಎಂಬ ಸ್ವಸಹಾಯ ಕಾರ್ಯಕ್ರಮವನ್ನು ರೂಪಿಸಿ, ಅದರ ಪ್ರಾಯೋಗಿಕ ಪರೀಕ್ಷೆಯ ವಿವರಗಳನ್ನು 2018ರಲ್ಲಿ ಪ್ರಕಟಿಸಿದರು. ಖಿನ್ನತೆಯ ಸೌಮ್ಯ ಲಕ್ಷಣಗಳಿದ್ದೂ ವೈದ್ಯರ ಬಳಿಗೆ ಹೋಗದೆ ಉಳಿಯುವ ನಗರವಾಸಿಗಳು ಇಂಥ ಕಾರ್ಯಕ್ರಮದ ಲಕ್ಷ್ಯ.

ಇದು ನಡೆಯುವ ಬಗೆಯಲ್ಲಿ ಮಾಂತ್ರಿಕವಾದುದೇನೂ ಇಲ್ಲ. ಖಿನ್ನತೆಗೆ ಒಳಗಾದವರು ಮೊದಲು ಇಷ್ಟದ ಕೆಲಸಗಳನ್ನು ಬಿಡುತ್ತಾರೆ. ಬಿಟ್ಟುದರಿಂದ ಮನಸ್ಸು ಮತ್ತಷ್ಟು ಕುಗ್ಗುತ್ತದೆ. ಆದುದರಿಂದ ಬೆಳಗಿನ ಹತ್ತು ನಿಮಿಷದ ನಡಿಗೆ, ಹಳೆಯ ಗೆಳೆಯನಿಗೊಂದು ಕರೆ, ಹೀಗೆ ಸಣ್ಣ ಕೆಲಸವೊಂದನ್ನು ಗೊತ್ತುಪಡಿಸಿಕೊಂಡು, ಮಾಡಿದ ಮೇಲೆ ಮನಸ್ಸು ಹೇಗಿತ್ತೆಂದು ದಾಖಲಿಸಿಕೊಳ್ಳಬೇಕು. ‘ನನ್ನಿಂದ ಏನೂ ಆಗದು’ ಎಂಬ ಆಲೋಚನೆ ಬಂದಾಗ ಅದಕ್ಕೆ ಪರವಾದ, ವಿರುದ್ಧವಾದ ಸಾಕ್ಷ್ಯಗಳನ್ನು ಬರೆದು ತೂಗಬೇಕು. ಮನೋಚಿಕಿತ್ಸಕರು ಬಹುಕಾಲದಿಂದ ಕಾಗದದ ಮೇಲೆ ಮಾಡಿಸುತ್ತಿದ್ದುದನ್ನೇ ಈಗ ಮೊಬೈಲಿನ ಪರದೆಯ ಮೇಲೆ ಮಾಡಿಸಲಾಗುತ್ತಿದೆ. ಸ್ವೀಡನ್ ದೇಶದಲ್ಲಿ 1990ರ ದಶಕದಿಂದಲೇ ಇಂಥ ಸಂಶೋಧನೆ ನಡೆದಿದೆ.

ಆದರೆ ಹೆಚ್ಚಿನ ಜನರು ಇಂಥ ಕಾರ್ಯಕ್ರಮವನ್ನು ಆರಂಭಿಸಿ, ಕೆಲವೇ ದಿನಗಳಲ್ಲಿ ಕೈಬಿಡುತ್ತಾರೆಂಬುದು ದೇಶವಿದೇಶಗಳ ಸಂಶೋಧಕರ ಸಮಾನ ಅನುಭವ. ವಾರಕ್ಕೊಮ್ಮೆಯಾದರೂ ವಿಚಾರಿಸುವ ಮನುಷ್ಯನೊಬ್ಬನಿದ್ದರೆ ಮುಂದುವರಿಸುವವರು ಹೆಚ್ಚು. ಬರಿಯ ಯಂತ್ರವನ್ನೇ ಚಿಕಿತ್ಸಕನೆಂದು ಮಾರುವ ಜಾಹೀರಾತುಗಳನ್ನು ಈ ಕಾರಣದಿಂದ ಅನುಮಾನದಿಂದಲೇ ನೋಡಬೇಕೆಂದು ನನ್ನ ಅಭಿಪ್ರಾಯ. 1966ರಲ್ಲಿ ಜೋಸೆಫ್ ವೈಜನ್‌ಬಾಮ್ ಅವರು ಪ್ರಕಟಿಸಿದ ‘ಎಲೈಜಾ’ ಕಾರ್ಯಕ್ರಮವು ಕೇಳಿದ ಮಾತನ್ನೇ ಪ್ರಶ್ನೆಯಾಗಿ ತಿರುಗಿಸುತ್ತಿತ್ತು. ಜನ ಅದರೊಡನೆ ಮನಸ್ಸು ಬಿಚ್ಚಿದ್ದನ್ನು ಕಂಡು ಗಾಬರಿಗೊಂಡವರು ಸ್ವತಃ ಅದರ ನಿರ್ಮಾಪಕರೇ!

ಮನುಷ್ಯರ ದನಿಯೇ ಬೇಕೆನ್ನುವವರಿಗೆ ‘ಟೆಲಿ-ಮಾನಸ್’ ಇದೆ. 2022-23ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಿತವಾದ ಈ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ತರಬೇತಿ ಪಡೆದ ಆಪ್ತಸಮಾಲೋಚಕರು ಮೊದಲು ಮಾತನಾಡುತ್ತಾರೆ. ಅಗತ್ಯವಿದ್ದಲ್ಲಿ ತಜ್ಞರಿಗೆ ಸಂಪರ್ಕ ಕಲ್ಪಿಸುತ್ತಾರೆ. ಕನ್ನಡ, ಮರಾಠಿಗಳನ್ನೊಳಗೊಂಡು 20 ಭಾಷೆಗಳಲ್ಲಿ ಈ ಸೇವೆ ಇದೆ. ಆಫೀಸಿನಲ್ಲಿ ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಸಲೀಸಾಗಿ ವ್ಯವಹರಿಸುವವರಿಗೂ ದುಃಖವನ್ನು ಹೇಳಿಕೊಳ್ಳಲು ತಾಯಿನುಡಿಯೇ ಬೇಕಾಗುತ್ತದೆ. ಊರಿನಿಂದ ಬಂದು ಮಗನ ಮನೆಯಲ್ಲಿರುವ ವೃದ್ಧೆಗಂತೂ ಬೇರೆ ದಾರಿಯೇ ಇಲ್ಲ.

ಇನ್ನೊಂದು ತೊಡಕಿನ ಬಗ್ಗೆ ಯೋಜನೆಗಳ ಕಡತಗಳಲ್ಲಿ ಹೆಚ್ಚು ಚರ್ಚೆ ಕಾಣುವುದಿಲ್ಲ. ಐದಾರು ಮಂದಿ ಬಾಳುವ ಒಂದು ಕೋಣೆಯ ಮನೆಯಲ್ಲಿ ಸೊಸೆಯೊಬ್ಬಳು ಯಾರ ಕಿವಿಗೂ ಬೀಳದಂತೆ ಮಾತನಾಡುವುದು ಎಲ್ಲಿ? ಕರೆಯ ಗೋಪ್ಯತೆಯನ್ನು ಸಮಾಲೋಚಕರು ಕಾಪಾಡಬಲ್ಲರು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯೂ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಮನ್ನಿಸಿದೆ. ಅವಳು ಅರ್ಧ ಗಂಟೆ ಮಹಡಿಯ ಮೇಲೆ ಒಬ್ಬಳೇ ಕುಳಿತು ಮಾತನಾಡಲು ಬಿಡಬೇಕಾದವರು ಮನೆಯವರು.

ಆತ್ಮಹತ್ಯೆಯ ಯೋಚನೆ, ಇಲ್ಲದ ದನಿಗಳು ಕೇಳಿಸುವುದು, ದಿನಗಟ್ಟಲೆ ಊಟ ನಿದ್ರೆಗಳಿಲ್ಲದಿರುವುದು ಕಂಡುಬಂದಲ್ಲಿ ಮೊಬೈಲಿನ ಸ್ವಸಹಾಯ ಕಾರ್ಯಕ್ರಮವನ್ನು ನೆಚ್ಚಿ ಕೂರಬಾರದು. ಕೂಡಲೇ 14416ಕ್ಕೆ ಕರೆ ಮಾಡಿ, ಅವರನ್ನು ಒಬ್ಬರನ್ನೇ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.