ಆಮೆಗೆ ಅಪ್ಪಣೆ ಕೊಟ್ಟ ಮಕ್ಕಳು



ಪ್ರೋಗ್ರಾಮಿಂಗ್ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಪುಟ್ಟದೇನಾದರೂ ಮಾಡಲು ಕೂತುಬಿಡಿ. ಒಂದು ಚಿತ್ರ, ಒಂದು ಆಟ, ಮನೆಯ ಹಾಲಿನ ಲೆಕ್ಕ, ಯಾವುದಾದರೂ ಸರಿ. ಇದು ನಾನು ಕಂಡುಕೊಂಡ ದಾರಿಯಲ್ಲ. ಇದರ ಹಿಂದೆ ಅರವತ್ತು ವರ್ಷದ ಚರಿತ್ರೆಯಿದೆ, ಆ ಚರಿತ್ರೆಯಲ್ಲಿ ಒಂದು ಆಮೆಯಿದೆ.

ಆಮೆಗಿಂತ ಮೊದಲಿನದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. 1960ರ ಸುಮಾರಿಗೆ ಪ್ರೋಗ್ರಾಂ ಬರೆದವರು ಅದನ್ನು ಕಾರ್ಡುಗಳ ಮೇಲೆ ತೂತು ಕೊರೆದು ಕಂಪ್ಯೂಟರ್ ಕೋಣೆಗೆ ಒಪ್ಪಿಸಿ, ಉತ್ತರಕ್ಕೆ ಗಂಟೆಗಟ್ಟಲೆ ಕಾಯಬೇಕಿತ್ತು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ, ಥಾಮಸ್ ಕರ್ಟ್ಜ್ ಎಂಬ ಇಬ್ಬರು ಗಣಿತದ ಮೇಷ್ಟ್ರು ಬೇಸಿಕ್ ಭಾಷೆಯನ್ನು ರೂಪಿಸಿದರು. 1964ರ ಮೇ 1ರ ನಸುಕಿನಲ್ಲಿ ಅದರ ಮೊದಲ ಪ್ರೋಗ್ರಾಂ ಓಡಿತು. ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ಏರ್ಪಾಡೂ ಜೊತೆಗೇ ಬಂತು. ವಿಜ್ಞಾನ ಓದದ ವಿದ್ಯಾರ್ಥಿಯೂ ಕೂತು, ಬರೆದು, ತಪ್ಪು ಕಂಡು, ಅಲ್ಲೇ ತಿದ್ದಬಹುದಾಯಿತು.

ಈಗ ನನಗೆ ಬಹಳ ಪ್ರೀತಿಯ ವ್ಯಕ್ತಿಯ ಬಳಿಗೆ ಬರೋಣ. ಸೀಮೋರ್ ಪ್ಯಾಪರ್ಟ್, 1928ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಅವರಿಗೆ ಗಿಯರ್‌ಗಳ ಹುಚ್ಚು. ಶಾಲೆಯಲ್ಲಿ ಮಗ್ಗಿ ಬಂದರೂ, ಸಮೀಕರಣ ಬಂದರೂ ಅವರ ಕಣ್ಣಿಗೆ ಒಂದನ್ನೊಂದು ತಿರುಗಿಸುವ ಹಲ್ಲಿನ ಚಕ್ರಗಳೇ ಕಾಣುತ್ತಿದ್ದವಂತೆ. ಪ್ರೀತಿಸಿದ ವಸ್ತುವಿನ ಮೂಲಕವೇ ಮಗು ಗಣಿತಕ್ಕೆ ಇಳಿಯುತ್ತದೆ ಎಂಬ ನಂಬಿಕೆ ಅವರಿಗೆ ಬಂದದ್ದು ಅಲ್ಲಿಂದ. ದೊಡ್ಡವರಾದ ಮೇಲೆ ಜಿನೀವಾದಲ್ಲಿ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಅವರ ಜೊತೆ ಕೆಲಸ ಮಾಡಿ, ಅಮೆರಿಕದ ಎಂಐಟಿ ಸೇರಿದರು. 1967ರಲ್ಲಿ ವಾಲಿ ಫೋರ್ಜೈಗ್, ಸಿಂಥಿಯಾ ಸಾಲಮನ್ ಮೊದಲಾದವರ ಜೊತೆಗೂಡಿ ಮಕ್ಕಳಿಗಾಗಿ ಲೋಗೋ ಎಂಬ ಭಾಷೆ ಕಟ್ಟಿದರು.

ಲೆಕ್ಸಿಂಗ್ಟನ್ ಎಂಬ ಊರಿನ ಶಾಲೆಯೊಂದರಲ್ಲಿ ಪ್ಯಾಪರ್ಟ್ ಗಣಿತದ ತರಗತಿಗೆ ಹೋಗುವಾಗ ದಾರಿಯಲ್ಲೊಂದು ಚಿತ್ರಕಲೆಯ ಕೋಣೆ. ಅಲ್ಲಿ ಮಕ್ಕಳು ಸೋಪಿನಲ್ಲಿ ಗೊಂಬೆ ಕೆತ್ತುತ್ತಿದ್ದರು. ವಾರಗಟ್ಟಲೆ ಅದೇ ಕೆಲಸ. ಯೋಚಿಸಲು, ಕನಸು ಕಾಣಲು, ಪಕ್ಕದವರ ಗೊಂಬೆ ನೋಡಿ ತಮ್ಮದನ್ನು ತಿದ್ದಲು ಪುರಸೊತ್ತಿತ್ತು. ಗಣಿತದಲ್ಲೋ, ಮೇಷ್ಟ್ರು ಕೊಟ್ಟ ಲೆಕ್ಕ ಬಿಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಗಣಿತವೂ ಆ ಸೋಪಿನ ಹಾಗೆ ಯಾಕಾಗಬಾರದು ಎಂಬ ಪ್ರಶ್ನೆ ಅವರನ್ನು ವರ್ಷಗಟ್ಟಲೆ ಕಾಡಿತು.

ಅಷ್ಟರಲ್ಲಿ ಲೋಗೋ ಭಾಷೆಗೆ ಆಮೆ ಬಂತು. ಮೊದಲು ಅದು ನೆಲದ ಮೇಲೆ ಹರಿದಾಡುವ ಯಂತ್ರ, ಹೊಟ್ಟೆಯಡಿ ಒಂದು ಪೆನ್ನು. ಆಮೇಲೆ ಪರದೆಯ ಮೇಲಿನ ಪುಟ್ಟ ತ್ರಿಕೋನ. ‘ಮುಂದೆ 100’ ಎಂದರೆ ಗೆರೆ ಎಳೆಯುತ್ತ ಹೋಗುತ್ತದೆ, ‘ಬಲಕ್ಕೆ 90’ ಎಂದರೆ ತಿರುಗುತ್ತದೆ. ನಾಲ್ಕು ಸಲ ಹಾಗೆಂದರೆ ಚೌಕ. ಮಗು ಹಿಗ್ಗಿ, ಮೂರೂ ಬದಿ ಸಮನಾದ ತ್ರಿಕೋನಕ್ಕೆ ಹೊರಡುತ್ತದೆ. ಅದರ ಮೂಲೆ 60 ಡಿಗ್ರಿ ಎಂದು ಶಾಲೆಯಲ್ಲಿ ಕಲಿತಾಗಿದೆ. ‘ಮುಂದೆ 100, ಬಲಕ್ಕೆ 60’, ಮೂರು ಸಲ. ಆಮೆ ಹೊರಟಲ್ಲಿಗೆ ಮರಳುವುದೇ ಇಲ್ಲ! ಅರ್ಧ ಷಟ್ಕೋನ ಬರೆದು ನಿಂತುಬಿಡುತ್ತದೆ.

ಯಾಕೆ? ಪ್ಯಾಪರ್ಟ್ ಮಕ್ಕಳಿಗೆ ಹೇಳುತ್ತಿದ್ದುದು, ನೀನೇ ಆಮೆಯಾಗಿ ನಡೆದು ನೋಡು ಎಂದು. ನೀವೂ ಅಂಗಳದಲ್ಲಿ ನಡೆದು ನೋಡಿ. ಮೂಲೆಗೆ ಬಂದಾಗ ನೀವು ತಿರುಗುವುದು ಒಳಗಿನ 60 ಅಲ್ಲ, ಹೊರಗೆ ಉಳಿದ 120. ಪೂರ್ತಿ ಒಂದು ಸುತ್ತು ಬಂದರೆ 360, ಅದರ ಮೂರನೇ ಒಂದು ಪಾಲು. ಚೌಕದಲ್ಲಿ ಒಳಗೂ 90, ಹೊರಗೂ 90, ಹಾಗಾಗಿ ಅಲ್ಲಿ ಗುಟ್ಟು ಬಯಲಾಗಿರಲಿಲ್ಲ. ತಪ್ಪಿದ್ದಕ್ಕೇ ಗಣಿತ ಸಿಕ್ಕಿತು. ಪ್ರೋಗ್ರಾಂ ಸರಿಯೋ ತಪ್ಪೋ ಎನ್ನುವುದಕ್ಕಿಂತ ಅದನ್ನು ತಿದ್ದುವುದು ಹೇಗೆ ಎಂಬುದೇ ಪ್ಯಾಪರ್ಟ್‌ಗೆ ಮುಖ್ಯವಾಗಿತ್ತು. 1980ರಲ್ಲಿ ಇದನ್ನೆಲ್ಲ ‘ಮೈಂಡ್‌ಸ್ಟಾರ್ಮ್ಸ್’ ಎಂಬ ಪುಸ್ತಕದಲ್ಲಿ ಬರೆದರು.

ನಮ್ಮ ದೇಶದ ಶಾಲೆಗಳಿಗೂ 1984ರಲ್ಲಿ ಕ್ಲಾಸ್ ಎಂಬ ಯೋಜನೆಯಡಿ ಬಿಬಿಸಿ ಮೈಕ್ರೋ ಕಂಪ್ಯೂಟರುಗಳು ಬಂದವು, ಮೊದಲು ಸುಮಾರು 250 ಶಾಲೆಗಳಿಗೆ. ಮುಂದೆ ಕಂಪ್ಯೂಟರು ಎಲ್ಲೆಡೆ ಹರಡಿತು. ಆದರೆ ಎಷ್ಟೋ ತರಗತಿಗಳಲ್ಲಿ ಸಿಪಿಯು ಎಂದರೇನು, ರ‍್ಯಾಮ್‌ಗೂ ರೋಮ್‌ಗೂ ವ್ಯತ್ಯಾಸವೇನು ಎಂದು ಬಾಯಿಪಾಠ ಮಾಡಿಸಿದ್ದೇ ಬಂತು. ಎಂಥ ಯಂತ್ರವನ್ನು ಎದುರಿಗಿಟ್ಟುಕೊಂಡು ಎಂಥ ಕೆಲಸ! ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ಆಮೆ ಪೈಥಾನ್ ಭಾಷೆಯೊಳಗೇ ಇದೆ, ದುಡ್ಡು ಕೊಡಬೇಕಿಲ್ಲ. ಆದರೆ ಚಿತ್ರ ಬೇಡವೆನ್ನುವವರಿಗೆ ಪ್ಯಾಪರ್ಟ್ ಬರೆದ ಹದಿಮೂರರ ಹುಡುಗಿಯೊಬ್ಬಳ ಕೆಲಸ ಹೇಳುತ್ತೇನೆ. ಕಂಪ್ಯೂಟರಿನಿಂದ ಕವಿತೆ ಬರೆಸಲು ಹೊರಟಿದ್ದಳು. ಪದಗಳನ್ನು ಕಣ್ಣುಮುಚ್ಚಿ ಹೆಕ್ಕಿದರೆ ವಾಕ್ಯವೇ ಆಗಲಿಲ್ಲ. ನಾಮಪದಕ್ಕೊಂದು, ಕ್ರಿಯಾಪದಕ್ಕೊಂದು ಪಟ್ಟಿ ಬೇಕಾಯಿತು. ವ್ಯಾಕರಣ ಯಾಕಿದೆ ಎಂಬುದು ಅವಳಿಗೆ ಹೊಳೆದದ್ದು ಆಗ.

ಇದನ್ನು ಕನ್ನಡದಲ್ಲಿ ಮಾಡಿ ನೋಡಿ, ಇನ್ನೂ ಸೊಗಸು. ಎರಡೇ ಪಟ್ಟಿ ಇಟ್ಟರೆ ‘ಅಜ್ಜಿ ಹಾರಿತು’, ‘ಗುಬ್ಬಿ ನಕ್ಕಳು’ ಎಂದು ಬರುತ್ತದೆ. ಆಗ ಹೆಸರುಗಳನ್ನು ಲಿಂಗಕ್ಕೆ ತಕ್ಕಂತೆ ಮೂರು ಗುಂಪು ಮಾಡಬೇಕು, ಒಂದೊಂದಕ್ಕೂ ಅದರದೇ ಕ್ರಿಯಾಪದ. ‘ಗುಬ್ಬಿಗಳು’, ‘ಮಕ್ಕಳು’ ಸೇರಿಸಿದ ಕೂಡಲೇ ‘ಹಾರಿದವು’, ‘ನಕ್ಕರು’ ಬೇಕು. ಅಷ್ಟೂ ಸರಿಹೋದ ಮೇಲೆ ವಾಕ್ಯದ ಮುಂದೆ ‘ನಾಳೆ’ ಎಂಬ ಪದವೊಂದನ್ನು ಸೇರಿಸಿ, ಕ್ರಿಯಾಪದದ ಪಟ್ಟಿಗಳನ್ನೆಲ್ಲ ಮತ್ತೆ ಬರೆಯಬೇಕಾಗುತ್ತದೆ.