ಸಿಹಿ ಸೆಂಟಿನ ಪರೀಕ್ಷೆ



ಇಂದು ಒಂದು ಬಾಟಲಿ ಸೆಂಟಿನ ವಿಷಯ ಮಾತನಾಡಬೇಕೆಂದಿದ್ದೇನೆ. ಇದೂ ಒಂದು ವಿಷಯವೇ ಎಂದು ನಿಮಗೆ ಅನಿಸಬಹುದು. ಆದರೆ ಕಾಲೇಜಿಗೆ ಹೋಗುವ ವಯಸ್ಸಿನವರು ಪುಸ್ತಕಕ್ಕಿಂತ ಹೆಚ್ಚು ಯೋಚನೆ ಮಾಡಿ ಕೊಳ್ಳುವ ವಸ್ತುಗಳಲ್ಲಿ ಇದೂ ಒಂದು. ಹಾಗಿರುವಾಗ ಅದನ್ನು ಪರೀಕ್ಷಿಸಿ ಕೊಳ್ಳುವ ಕ್ರಮವನ್ನು ತಿಳಿದರೆ ತಪ್ಪೇನು?

ನಾನು ಕೃಷ್ಣಾ ದಂಡೆಯ ಗಲಗಲಿಯವಳು. ಮುಧೋಳ, ಜಮಖಂಡಿ, ಬೀಳಗಿಯ ಈ ಭಾಗವೆಲ್ಲ ಕಬ್ಬಿನ ಸೀಮೆ. ಸಕ್ಕರೆ ಕಾರ್ಖಾನೆಗಳು ಎದ್ದ ಮೇಲೂ ಬೆಲ್ಲದ ಗಾಣಗಳು ಪೂರ್ತಿ ನಿಂತಿಲ್ಲ. ಮಹಾಲಿಂಗಪುರದ ಬೆಲ್ಲದ ಪೇಟೆಯ ಹೆಸರೂ ಅಳಿದಿಲ್ಲ. ಹಂಗಾಮಿನಲ್ಲಿ ನಮ್ಮ ಮನೆಯವರೆಲ್ಲ ಗಾಣದಲ್ಲೇ ಇರುತ್ತಿದ್ದರು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು, ನೊರೆಯೆದ್ದು, ಕೆಂಪಗೆ ಪಾಕವಾಗುವಾಗ ಬರುವ ಆ ವಾಸನೆ ಬಟ್ಟೆಗೆ, ತಲೆಗೂದಲಿಗೆ, ಪುಸ್ತಕದ ಚೀಲಕ್ಕೂ ಹತ್ತುತ್ತಿತ್ತು. ಅದರ ಜೊತೆಗೆ ಒಲೆಯ ಹೊಗೆ ಬೇರೆ.

ಪಟ್ಟಣದ ಕಾಲೇಜಿಗೆ ಸೇರಿದ ಮೊದಲ ವರ್ಷ ಬೆಂಚಿನ ಗೆಳತಿಯೊಬ್ಬಳು ಮೂಗು ಮುರಿದು, 'ನಿನ್ನ ಮೈಯೆಲ್ಲ ಗಾಣದ ವಾಸನಿ' ಎಂದಳು. ಅವಳು ಆಡಿದ್ದು ಒಂದೇ ಮಾತು. ನಾನು ಅದನ್ನು ಎರಡು ವರ್ಷ ಹೊತ್ತುಕೊಂಡು ತಿರುಗಿದೆ. ಜಾತ್ರೆಯಲ್ಲಿ ಕೊಂಡ ಅಗ್ಗದ ಅತ್ತರನ್ನು ದಿನವೂ ಬಳಿದುಕೊಂಡು ಹೋಗತೊಡಗಿದೆ. ಫಲ ಏನಾಯಿತು? ಇನ್ನೊಂದು ಬದಿಗೆ ಕೂಡುತ್ತಿದ್ದ ಹುಡುಗಿಗೆ ತಲೆನೋವು ಬಂದು, ಅವಳು ಬೆಂಚನ್ನೇ ಬದಲಿಸಿದಳು. ನನ್ನ ಮೂಗಿಗೆ ಮಾತ್ರ ಆ ಅತ್ತರು ಸಾಕಾಗುತ್ತಲೇ ಇರಲಿಲ್ಲ.

ಇದನ್ನೆಲ್ಲ ಮತ್ತೆ ನೆನಪಿಸಿದವಳು ನನ್ನ ಅಣ್ಣನ ಮಗಳು. ಈಗ ಅವಳು ಬಿ.ಎಸ್ಸಿ. ಓದುತ್ತ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಹೋದ ಏಪ್ರಿಲ್‌ನಲ್ಲಿ ಕೂಡಿಟ್ಟ ದುಡ್ಡಿನಿಂದ ಒಂದು ಬಾಟಲಿ ತಂದು ನನ್ನ ಮುಂದೆ ಹಿಡಿದು, 'ಅತ್ತಿ, ಇದು ದಿನಾ ಹಚ್ಚಿಕೊಳ್ಳಾಕ ಹೆಂಗೈತಿ ನೋಡ್ರಿ' ಎಂದಳು. ಮುಚ್ಚಳ ತೆಗೆದು ಮೂಸಿದರೆ ಮೊದಲು ಕಿತ್ತಳೆ ಸಿಪ್ಪೆ. ಹಿಂದೆಯೇ ಜಾತ್ರೆಯ ಬಾಂಬೆ ಮಿಠಾಯಿ!

ಇಂಥ ಸುಗಂಧಗಳಿಗೆ 'ಗೂರ್ಮಾಂಡ್' ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಅದರ ಅರ್ಥ ತಿಂಡಿಪ್ರಿಯ ಎಂದು. ಹೂವು, ಗಂಧ, ಕಸ್ತೂರಿಗಳ ಬದಲು ಸಕ್ಕರೆ ಪಾಕ, ವೆನಿಲಾ, ಚಾಕಲೇಟುಗಳ ವಾಸನೆ ಇವುಗಳಲ್ಲಿ ಮುಂದಿರುತ್ತದೆ. 1992ರಲ್ಲಿ ಪ್ಯಾರಿಸ್ಸಿನ ಮ್ಯೂಗ್ಲರ್ ಸಂಸ್ಥೆ ಹೊರತಂದ 'ಏಂಜಲ್' ಎಂಬ ಸುಗಂಧದಿಂದ ಈ ವರ್ಗ ಜನಪ್ರಿಯವಾಯಿತು. ಅದರಲ್ಲಿ ಈಥೈಲ್ ಮಾಲ್ಟಾಲ್ ಎಂಬ ವಸ್ತುವನ್ನು ಧಾರಾಳವಾಗಿ ಬಳಸಿ, ಪಚೋಲಿ ಎಲೆಯ ಎಣ್ಣೆಯಿಂದ ಆ ಸಿಹಿಗೆ ಒಂದು ಕಡಿವಾಣ ಹಾಕಿದ್ದರು. ಇನ್ನೊಂದು ಮುಖ್ಯ ವಸ್ತು ವೆನಿಲಿನ್. ಅದನ್ನು 1874ರಲ್ಲೇ ಟೀಮನ್ ಮತ್ತು ಹಾರ್ಮನ್ ಎಂಬ ಜರ್ಮನ್ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ತಯಾರಿಸಿದ್ದರು.

ತಿನ್ನುವ ವಸ್ತುವನ್ನು ಮೈಗೂ ಹಚ್ಚಿಕೊಳ್ಳುವುದು ನಮಗೇನೂ ಹೊಸದಲ್ಲ. ಏಲಕ್ಕಿ, ಕೇಸರಿ, ಪಚ್ಚಕರ್ಪೂರ ನಮ್ಮಲ್ಲಿ ಪಾಯಸಕ್ಕೂ ಸೈ, ಗಂಧದ ಲೇಪಕ್ಕೂ ಸೈ. ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಸುಗಂಧ ಕೂಡಿಸುವ ವಿದ್ಯೆಯೂ ಅಡುಗೆಯ ವಿದ್ಯೆಯೂ ಒಂದೇ ಗ್ರಂಥದೊಳಗೆ ಇವೆ.

ಮಾಲ್ಟಾಲ್ ಎಂಬುದು ಸಕ್ಕರೆ ಕಂದುವಾಗ, ಧಾನ್ಯ ಹುರಿಯುವಾಗ ತಾನಾಗಿ ಹುಟ್ಟುವ ವಸ್ತು. ಈಥೈಲ್ ಮಾಲ್ಟಾಲ್ ಅದರ ಕೃತಕ ತಮ್ಮ; ವಾಸನೆಯಲ್ಲಿ ಅಣ್ಣನಿಗಿಂತ ಹಲವು ಪಟ್ಟು ಜೋರು. ಗಾಣದ ಕೊಪ್ಪರಿಗೆಯಲ್ಲಿ ಪಾಕ 115 ಡಿಗ್ರಿ ದಾಟುವ ಹೊತ್ತಿಗೆ ಸಕ್ಕರೆಯೂ ಕಬ್ಬಿನ ಹಾಲಿನ ಅಮೈನೊ ಆಮ್ಲಗಳೂ ಸೇರಿ ಇಂಥ ಹತ್ತಾರು ವಸ್ತುಗಳನ್ನು ಹುಟ್ಟಿಸುತ್ತವೆ. 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದ ಮಯ್ಯಾರ್ ಎಂಬ ಫ್ರೆಂಚ್ ವಿಜ್ಞಾನಿಯ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಎಂದರೆ, ನಾನು ನಾಚಿಕೊಂಡು ಮುಚ್ಚಿಟ್ಟ ವಾಸನೆಯ ಹತ್ತಿರದ ನೆಂಟನೇ ಈ ಬಾಟಲಿಯಲ್ಲಿ ಸಾವಿರಾರು ರೂಪಾಯಿ ಬೆಲೆಯ ಚೀಟಿ ಅಂಟಿಸಿಕೊಂಡು ಕೂತಿತ್ತು. ನನಗೆ ನಗು ಬಂತು. ಸ್ವಲ್ಪ ಸಿಟ್ಟೂ ಬಂತೆನ್ನಿ.

ಸಿಟ್ಟಿನಲ್ಲಿ ಪರೀಕ್ಷೆ ಮಾಡಬಾರದು. ನಾವಿಬ್ಬರೂ ಒಂದು ನೋಟ್‌ಬುಕ್ ಇಟ್ಟು ಕ್ರಮವಾಗಿ ನೋಡಿದೆವು. ಅಂಗಡಿಯ ಕಾಗದದ ಪಟ್ಟಿಯನ್ನು ಮೂಸಿ ಸೆಂಟು ಕೊಳ್ಳುವುದು, ಪುಸ್ತಕದ ರಟ್ಟು ನೋಡಿ ಪುಸ್ತಕ ಕೊಂಡಂತೆ. ಮೊದಲು ಹಾರುವುದು ಕಿತ್ತಳೆ, ನಿಂಬೆಯಂಥ ಹಗುರ ಅಣುಗಳು. ಅರ್ಧ ಗಂಟೆಯಲ್ಲಿ ಅವು ಹೆಚ್ಚು ಕಡಿಮೆ ಮುಗಿಯುತ್ತವೆ. ವೆನಿಲಿನ್, ಈಥೈಲ್ ಮಾಲ್ಟಾಲ್ ಗಂಟೆಗಟ್ಟಲೆ ಉಳಿಯುತ್ತವೆ. ಬೇಗ ಹಾರಿಹೋಗುವ ಭಾಗವನ್ನು ಮೆಚ್ಚಿ ದುಡ್ಡು ಕೊಡುತ್ತೇವೆ, ಉಳಿಯುವ ಭಾಗದೊಡನೆ ದಿನ ಕಳೆಯಬೇಕಾಗುತ್ತದೆ. ಆದ್ದರಿಂದ ಮೊದಲ ದಿನ ಮೊಣಕೈಯ ಒಳಬದಿಗೆ ಒಂದೇ ತೊಟ್ಟು ಹಚ್ಚಿ ಬಿಟ್ಟೆವು. ಮಾರನೆಯ ದಿನದವರೆಗೆ ತುರಿಕೆ, ಕೆಂಪು ಏನೂ ಕಾಣಲಿಲ್ಲ. ಅದಾದ ಮೇಲೆ ಕಾಲೇಜಿನ ದಿನವೇ ಪ್ರಯೋಗ.

ಬೆಳಿಗ್ಗೆ ಎಂಟಕ್ಕೆ ಅವಳು ಮೂರು ಸಲ ಒತ್ತಿಕೊಂಡು ಹೋದಳು. ಹನ್ನೊಂದಕ್ಕೆ, ಒಂದಕ್ಕೆ, ನಾಲ್ಕಕ್ಕೆ ಗೆಳತಿಯನ್ನು ಒಂದು ಮಾರು ದೂರ ನಿಲ್ಲಿಸಿ ಕೇಳಿ ಬರೆಯಬೇಕು ಎಂದು ಹೇಳಿದ್ದೆ. ತನ್ನ ಮೂಗಿನ ಸಾಕ್ಷಿಯನ್ನು ನಂಬಬಾರದು ಎಂದೂ ಹೇಳಿದ್ದೆ. ಏಕೆಂದರೆ ಒಂದೇ ವಾಸನೆ ಎಡೆಬಿಡದೆ ಬರುತ್ತಿದ್ದರೆ ಕೆಲವೇ ನಿಮಿಷಗಳಲ್ಲಿ ಅದರ ಅರಿವು ಕುಗ್ಗುತ್ತದೆ. ನಮ್ಮ ಮೂಗಿನಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಅಂಥ ಗ್ರಾಹಕಗಳನ್ನು ಕಂಡುಹಿಡಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇಷ್ಟೆಲ್ಲ ಇದ್ದರೂ ಮೂಗು ಹಳೆಯ ಸುದ್ದಿಯನ್ನು ಬೇಗ ಮರೆತು ಹೊಸದಕ್ಕೆ ಕಾಯುತ್ತದೆ. ನನಗೆ ಅತ್ತರು ಸಾಲದೆ ಹೋದದ್ದು ಹೀಗೆ. ಕಾಫಿ ಬೀಜ ಮೂಸಿದರೆ ಮೂಗು ಸರಿಯಾಗುತ್ತದೆಂದು ಅಂಗಡಿಯವರು ಹೇಳುತ್ತಾರೆ. ಅದಕ್ಕಿಂತ ಹೊರಗೆ ಬಂದು ನಾಲ್ಕು ಉಸಿರು ಒಳ್ಳೆಯ ಗಾಳಿ ಎಳೆದುಕೊಂಡರೆ ಸಾಕು.

ಸಂಜೆ ಅವಳು ತಂದ ವರದಿ ಹೀಗಿತ್ತು. ಬಸ್ಸಿನಲ್ಲಿ ಪಕ್ಕದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದರು. ಹನ್ನೊಂದಕ್ಕೆ ಗೆಳತಿ 'ಛಲೋ ಐತಿ, ಆದ್ರ ಭಾಳ ಐತಿ' ಎಂದಳು. ಒಂದು ಗಂಟೆಗೆ ಊಟದ ಡಬ್ಬಿ ತೆಗೆದಾಗ ಪಲ್ಯದ ವಾಸನೆಯೂ ಮಿಠಾಯಿಯ ವಾಸನೆಯೂ ಕೂಡಿ ಯಾರಿಗೂ ರುಚಿಸಲಿಲ್ಲ. ನಾಲ್ಕಕ್ಕೆ ಕಿತ್ತಳೆಯ ಸುಳಿವಿಲ್ಲ. ಬರೀ ಕಂದಿದ ಸಕ್ಕರೆ. ನಮ್ಮ ಕಡೆಯ ಏಪ್ರಿಲ್ ಬಿಸಿಲು 40 ಡಿಗ್ರಿಯ ಹತ್ತಿರ ಇರುತ್ತದೆ. ಶಾಖ ಹೆಚ್ಚಿದಷ್ಟೂ ಅಣುಗಳು ಬೇಗ ಹಾರುತ್ತವೆ. ಬಟ್ಟೆ ಬೆವರಿಗೆ ತೊಯ್ದು, ಕಿಟಕಿಯಲ್ಲಿ ಗಾಳಿಯಿಲ್ಲದೆ ನಿಂತ ಬಸ್ಸಿನಲ್ಲಿ ಪ್ಯಾರಿಸ್ಸಿನ ಚಳಿಗಾಲಕ್ಕೆ ಒಪ್ಪುವ ಅಳತೆ ಒಪ್ಪುವುದಿಲ್ಲ. ದಮ್ಮು, ಅರೆತಲೆನೋವು ಇದ್ದವರಿಗೆ ಅದು ಕೇವಲ ಕಿರಿಕಿರಿಯಲ್ಲ, ನಿಜವಾದ ತೊಂದರೆ.

ಇನ್ನೊಂದು ದಿನ ಒಂದೇ ಸಲ, ಕುತ್ತಿಗೆಗಲ್ಲದೆ ಮುಂಗೈಗೆ ಹಚ್ಚಿ ನೋಡಿದೆವು. ಬಸ್ಸಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ನೋಟ್‌ಬುಕ್ಕಿನಲ್ಲಿ ಮೂರು ಕಡೆಯೂ 'ಅಡ್ಡಿಯಿಲ್ಲ' ಎಂದೇ ಬಂತು. ಬಿಳಿಯ ಸಮವಸ್ತ್ರದ ಮೇಲೆ ಮಾತ್ರ ಹೊಡೆಯಬೇಡ ಎಂದೆ. ವೆನಿಲಿನ್ ಕಾಲಕ್ರಮದಲ್ಲಿ ಕಂದು ಬಣ್ಣಕ್ಕೆ ತಿರುಗುವ ವಸ್ತು. ಸೆಂಟಿನಲ್ಲಿ ಆಲ್ಕೊಹಾಲ್ ಇರುವುದರಿಂದ ಒಲೆ, ದೀಪದ ಹತ್ತಿರವೂ ಬೇಡ. ಅವಳ ತಮ್ಮ ಇರುವೆ ಮುತ್ತುತ್ತವೆಯೇ ಎಂದು ಕೇಳಿದ. ಇಲ್ಲ, ಅದರಲ್ಲಿ ಸಕ್ಕರೆಯೇ ಇಲ್ಲ, ಸಕ್ಕರೆಯ ನೆನಪು ಮಾತ್ರ ಇದೆ.

ಆ ದಿನ ಸಂಜೆ ಕಟ್ಟೆಯ ಮೇಲೆ ಕೂತಿದ್ದ ನಮ್ಮವ್ವ ಮೊಮ್ಮಗಳ ಕೈ ಹಿಡಿದು ಹತ್ತಿರಕ್ಕೆ ಎಳೆದು ಮೂಸಿದರು. 'ಗಾಣ ನಿಂತು ತಿಂಗಳ ಮ್ಯಾಲಾತು. ಈ ಪಾಕದ ವಾಸನಿ ಎಲ್ಲಿಂದ ಬಂತಬೇ?' ಎಂದರು. ಹುಡುಗಿ ಬಿದ್ದು ಬಿದ್ದು ನಕ್ಕಳು. ಅವ್ವನಿಗೆ ಬೆಲೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ.

ಬಾಟಲಿ ಈಗ ಬಿಸಿಲು ತಾಗದ ಹಾಗೆ ಕಪಾಟಿನ ಕೆಳಗಿನ ಖಾನೆಯಲ್ಲಿದೆ. ಬೇಸಿಗೆಯಲ್ಲಿ ಅವಳು ಬರೀ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು ಕಾಲೇಜಿಗೆ ಹೋಗುತ್ತಾಳೆ. ಕಾರ್ತಿಕದ ಚಳಿ ಬಿದ್ದ ಮೇಲೆ ದಿನಕ್ಕೆ ಒಂದೇ ಸಲ ಎಂದು ತಾನೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದಾಳೆ. ಆ ಹೊತ್ತಿಗೆ ನಮ್ಮೂರಲ್ಲಿ ಗಾಣವೂ ಹೂಡಿರುತ್ತದೆ.