ಬೋರಿನ ನೀರು ಮತ್ತು ಪ್ರಯೋಗಶಾಲೆ

ವಲಾಂಡಿ, ನಿಲಂಗಾ, ಉಮರ್ಗಾ, ಉದಗೀರ ಕಡೆ ಹೊಸ ಬೋರಿಗೆ ನೀರು ಬಿದ್ದರೆ ನಾವು ನೋಡುವುದು ಬಣ್ಣ, ಆಮೇಲೆ ರುಚಿ. ಸಿಹಿ ಇದ್ದರೆ ಊರೇ ಕೊಡ ಹಿಡಿದು ಸಾಲು ನಿಲ್ಲುತ್ತದೆ. ಆದರೆ ನೀರಿನಲ್ಲಿ ಕರಗಿದ ಆರ್ಸೆನಿಕ್‌ಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಜನ ಅಂಥದೇ ನೀರು ಕುಡಿದರು. ಆ ಸೀಮೆಯಲ್ಲಿ ಹಿಂದೆ ಚಿನ್ನದ ಗಣಿಗಳಿದ್ದವು. ಚಿನ್ನದ ಕಲ್ಲಿನ ಜೊತೆ ಆರ್ಸೆನಿಕ್ ಇರುವುದುಂಟು. ಹಲವರ ಅಂಗೈ, ಅಂಗಾಲು ಗಡುಸಾದವು, ಮೈಮೇಲೆ ಮಚ್ಚೆ ಬಿದ್ದವು, ಕೆಲವರಿಗೆ ಕ್ಯಾನ್ಸರೂ ಆಯಿತು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಇದನ್ನು 2013ರಲ್ಲಿ ಪ್ರಕಟಿಸಿದರು.

ನಮ್ಮದು ಕರಿಕಲ್ಲಿನ ನೆಲ. ಅಲ್ಲಿಯ ಕಲ್ಲೇ ಬೇರೆ. ನಮಗೆ ಮೊದಲು ಕೇಳಬೇಕಾದದ್ದು ನೈಟ್ರೇಟ್. ಗೊಬ್ಬರ, ತಿಪ್ಪೆ, ಪಾಯಖಾನೆಯ ಗುಂಡಿಗಳಿಂದ ಅದು ಕೆಳಗಿಳಿಯುತ್ತದೆ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಹೆಚ್ಚುತ್ತದೆ. ಆ ನೀರಿನಲ್ಲಿ ಹಾಲುಪುಡಿ ಕಲಸಿ ಕುಡಿಸಿದ ಎಳೆಗೂಸಿನ ಮೈ ನೀಲಿಗಟ್ಟಬಹುದು.

ಭಾರತೀಯ ಮಾನಕದಂತೆ ಕುಡಿಯುವ ನೀರಿನ 1 ಲೀಟರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ, ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದು. 0.01 ಎಂದರೆ, 10,000 ಲೀಟರಿನ 10 ಟ್ಯಾಂಕರ್ ನೀರಿಗೆ 1 ಗ್ರಾಂ! ಇಷ್ಟನ್ನು ಹಿಡಿಯುವುದು ಹೇಗೆ? ಹಳೆಯ ಉಪಾಯವೊಂದಿದೆ. ನೀರಿಗೆ ಆಮ್ಲ, ಸತುವು ಹಾಕಿದರೆ ಆರ್ಸೆನಿಕ್ ಅನಿಲವಾಗಿ ಏಳುತ್ತದೆ. ಮೇಲಿಟ್ಟ ಪಾದರಸ ಲವಣದ ಕಾಗದ ಹಳದಿಯಾಗಿ, ಹೆಚ್ಚಿದ್ದರೆ ಕಂದಾಗುತ್ತದೆ. ಆ ಅನಿಲ ಘೋರ ವಿಷ. ಮನೆಯಲ್ಲಿ ಮಾಡುವ ಆಟವಲ್ಲ. ಈಗಿನ ಯಂತ್ರಗಳು ಬೆಳಕಿನಿಂದ ಅಳೆಯುತ್ತವೆ. ಪ್ರತಿ ಧಾತುವೂ ತನಗೆ ಸಲ್ಲುವ ಬೆಳಕನ್ನೇ ಹೀರುತ್ತದೆ. ಎಷ್ಟು ಬೆಳಕು ಕಡಿಮೆಯಾಯಿತೋ ಅದರಿಂದ ಲೆಕ್ಕ. ತೊಗರಿ, ಸೋಯಾಬೀನಿಗೆ ಹೊಡೆಯುವ ಔಷಧದ ಅಂಶ ಹುಡುಕಲು ಬೇರೆ ದಾರಿ: ಲೀಟರು ನೀರಿನಿಂದ ಅದನ್ನು ದ್ರಾವಕಕ್ಕೆ ಸೆಳೆದು, ಹನಿಗಳಷ್ಟಕ್ಕೆ ಇಳಿಸಿ, ಕೂದಲಿನಂಥ ಉದ್ದ ನಳಿಕೆಯಲ್ಲಿ ಹಾಯಿಸುತ್ತಾರೆ. ಒಂದೊಂದು ಔಷಧ ಒಂದೊಂದು ಹೊತ್ತಿಗೆ ಹೊರಬೀಳುತ್ತದೆ. ಜೊತೆಗೆ ಶುದ್ಧ ನೀರನ್ನೂ ಅದೇ ರೀತಿ ಪರೀಕ್ಷಿಸುತ್ತಾರೆ. ಅದರಲ್ಲೂ ವಿಷ ಕಂಡರೆ ಕೊಳೆ ಬಾವಿಯದಲ್ಲ, ಪ್ರಯೋಗಶಾಲೆಯದೇ!

ಯಂತ್ರ ಎಷ್ಟೇ ದುಬಾರಿಯಾಗಿರಲಿ, ಬಾಟಲಿ ಕೆಟ್ಟರೆ ಫಲಿತಾಂಶ ಕೆಟ್ಟಿತು. ಎಣ್ಣೆಯ ಡಬ್ಬಿ, ಸೋಡಾ ಬಾಟಲಿ ಬೇಡ. ಆರ್ಸೆನಿಕ್ ಪರೀಕ್ಷೆಗೆ ಪ್ರಯೋಗಶಾಲೆಯವರೇ ಕೊಟ್ಟ, ಆಮ್ಲ ಹಾಕಿದ ಪ್ಲಾಸ್ಟಿಕ್ ಬಾಟಲಿ, ಅದನ್ನು ತೊಳೆಯಬೇಡಿ. ಕೀಟನಾಶಕಕ್ಕೆ ಕಂದು ಗಾಜಿನ ಬಾಟಲಿ, ತಂಪಿನಲ್ಲಿಟ್ಟು ಒಯ್ಯಬೇಕು. ಮೊದಲು ಪಂಪು ಕೆಲವು ನಿಮಿಷ ಓಡಲಿ, ಕೊಳವೆಯಲ್ಲಿ ನಿಂತ ನೀರು ಹೋಗಲಿ. ಬೋರಿನ ಜಾಗ, ದಿನಾಂಕ, ಹೊತ್ತು ಚೀಟಿಯಲ್ಲಿ ಬರೆದು ಅಂಟಿಸಿ. ಕನ್ನಡವಾಗಲಿ ಮರಾಠಿಯಾಗಲಿ, ಅಕ್ಷರ ನೀರಿಗೆ ಅಳಿಸದಂತಿರಲಿ.